ನೆಲದಡಿಯ ತೇವ, ಮಾಡಿನ ಬಿಸಿ: ಕರಾವಳಿ ಕಟ್ಟಡಗಳಲ್ಲಿ ಉಷ್ಣನಿರೋಧಕದ ಸರಿಯಾದ ಬಳಕೆ

ಅಂಕೋಲಾ ತಾಲ್ಲೂಕಿನ ಕೇಣಿಯಂತಹ ಮೀನುಗಾರಿಕೆಯ ಊರುಗಳಲ್ಲಿ ಉಷ್ಣನಿರೋಧಕ ಎಂಬ ಶಬ್ದ ಹೊಸದೆನಿಸಬಹುದು. ಆದರೆ ಆ ವಸ್ತು ಹೊಸದಲ್ಲ. ಮಂಜುಗಡ್ಡೆ ತುಂಬಿದ ಮೀನಿನ ಥರ್ಮೊಕೋಲ್ ಪೆಟ್ಟಿಗೆಯೇ ಅದಕ್ಕೆ ಉತ್ತಮ ನಿದರ್ಶನ. ಪಾಲಿಸ್ಟೈರೀನ್ ಗುಳ್ಳೆಗಳೊಳಗೆ ಸೆರೆಸಿಕ್ಕ ನಿಶ್ಚಲ ಗಾಳಿಯು ಹೊರಗಿನ ಬಿಸಿಯನ್ನು ಒಳಕ್ಕೆ ಬಿಡುವುದಿಲ್ಲ. ಪೆಟ್ಟಿಗೆಯ ಮುಚ್ಚಳ ಸಡಿಲವಾಗಿದ್ದರೆ ತಳ ಎಷ್ಟೇ ದಪ್ಪವಿದ್ದರೂ ಮಂಜುಗಡ್ಡೆ ಬೇಗನೆ ಕರಗುತ್ತದೆ ಎಂಬುದು ಪ್ರತಿಯೊಬ್ಬ ಮೀನು ವ್ಯಾಪಾರಿಯ ಅನುಭವ. ಕಟ್ಟಡಗಳ ವಿಷಯದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ. ಬಿಸಿ ಎಲ್ಲಿಂದ ಬರುತ್ತದೆ, ತೇವ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯದೆ ಉಷ್ಣನಿರೋಧಕಕ್ಕೆ ಹಣ ಹಾಕಿದರೆ ಆ ಹಣ ವ್ಯರ್ಥವಾಗುವುದಷ್ಟೇ ಅಲ್ಲ, ಕಟ್ಟಡಕ್ಕೂ ದಾಸ್ತಾನಿಗೂ ಹಾನಿಯಾಗುವ ಸಂಭವವಿದೆ.

ನೆಲದಡಿಯ ಖಾಲಿ ಜಾಗ

ಅಮೆರಿಕದಂತಹ ದೇಶಗಳಲ್ಲಿ ಅನೇಕ ಮನೆಗಳನ್ನು ಭೂಮಿಯಿಂದ ಎರಡು ಮೂರು ಅಡಿ ಎತ್ತರಿಸಿ ಕಟ್ಟುವ ರೂಢಿಯಿದೆ. ಮನುಷ್ಯನು ತೆವಳಿಕೊಂಡು ಮಾತ್ರ ಹೋಗಬಹುದಾದ ಈ ನೆಲದಡಿಯ ಜಾಗವನ್ನು ‘ಕ್ರಾಲ್ ಸ್ಪೇಸ್’ ಎನ್ನುತ್ತಾರೆ. ನಮ್ಮ ಕರಾವಳಿಯ ಸಾಂಪ್ರದಾಯಿಕ ಮನೆಗಳಲ್ಲಿ ಇಂತಹ ಜಾಗವಿಲ್ಲ. ಚಿರೇಕಲ್ಲಿನ ಪಂಚಾಂಗ ಕಟ್ಟಿ, ಒಳಗೆ ಮಣ್ಣು ತುಂಬಿ, ಅದರ ಮೇಲೆ ನೆಲ ಮಾಡುವುದು ಇಲ್ಲಿಯ ಪದ್ಧತಿ. ಧಾನ್ಯದ ಕಣಜವನ್ನು ಮಾತ್ರ ಕಾಲುಗಳ ಮೇಲೆ ಎತ್ತರಿಸಿ, ಅಡಿಯಲ್ಲಿ ಗಾಳಿಯಾಡಲು ಬಿಡಲಾಗುತ್ತಿತ್ತು.

ಇತ್ತೀಚಿನ ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆ. ಕಡಲತೀರದ ಪ್ರವಾಸಿ ಕುಟೀರಗಳು, ಸಿದ್ಧ ಹಲಗೆಗಳಿಂದ ಜೋಡಿಸಿದ ಕಚೇರಿ ಕೊಠಡಿಗಳು, ಕಂಟೇನರ್ ಕಚೇರಿಗಳು, ಇಳಿಜಾರಿನಲ್ಲಿ ಕಂಬಗಳ ಮೇಲೆ ನಿಂತ ಮನೆಗಳು, ಕೆಳಗೆ ವಾಹನ ನಿಲುಗಡೆ ಅಥವಾ ಗೋದಾಮು ಇದ್ದು ಮೇಲೆ ಹವಾನಿಯಂತ್ರಿತ ಕೊಠಡಿ ಇರುವ ಕಟ್ಟಡಗಳು ಸಾಮಾನ್ಯವಾಗಿವೆ. ಇವೆಲ್ಲಕ್ಕೂ ನೆಲದಡಿ ಒಂದು ಖಾಲಿ ಜಾಗವಿದೆ. ಅದಕ್ಕೆ ಉಷ್ಣನಿರೋಧಕ ಬೇಕೇ ಎಂಬ ಪ್ರಶ್ನೆ ಈಗ ಇಲ್ಲಿಯೂ ಪ್ರಸ್ತುತವಾಗಿದೆ.

ಶೀತದೇಶದ ಸೂತ್ರ ಇಲ್ಲಿ ಹೊಂದದು

ಶೀತಪ್ರದೇಶದಲ್ಲಿ ಮನೆಯೊಳಗಿನ ಬಿಸಿ ನೆಲದ ಮೂಲಕ ಸೋರಿಹೋಗುವುದನ್ನು ತಡೆಯಬೇಕು. ಕರಾವಳಿಯಲ್ಲಿ ಸಂಗತಿ ಇದಕ್ಕೆ ತದ್ವಿರುದ್ಧವಾಗಿದೆ. ಭೂಮಿಯ ಕೆಲವು ಮೀಟರ್ ಆಳದಲ್ಲಿ ಉಷ್ಣಾಂಶವು ಆ ಪ್ರದೇಶದ ವಾರ್ಷಿಕ ಸರಾಸರಿಯ ಹತ್ತಿರದಲ್ಲಿ, ಅಂದರೆ ಇಲ್ಲಿ ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಬರಿಗಾಲಿಗೆ ನೆಲ ತಂಪಾಗಿ ತೋರುವುದು ಇದೇ ಕಾರಣದಿಂದ. ಫ್ಯಾನು ಮಾತ್ರ ಇರುವ ಕೊಠಡಿಯಲ್ಲಿ ಮಣ್ಣಿನ ಮೇಲಿನ ನೆಲಕ್ಕೆ ಉಷ್ಣನಿರೋಧಕ ಹಾಕಿದರೆ ಪುಕ್ಕಟೆಯಾಗಿ ದೊರೆಯುವ ಆ ತಂಪನ್ನೇ ದೂರ ಮಾಡಿಕೊಂಡಂತಾಗುತ್ತದೆ.

ಬಿಸಿ ಬರುವುದು ಮುಖ್ಯವಾಗಿ ಮೇಲಿನಿಂದ. ಬಿಸಿಲಿಗೆ ಒಡ್ಡಿದ ಲೋಹದ ತಗಡು 60 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಕೊಠಡಿಯನ್ನು 24 ಡಿಗ್ರಿಯಲ್ಲಿ ಇರಿಸಿದರೆ ಮಾಡಿಗೂ ಕೊಠಡಿಗೂ ಇರುವ ಅಂತರ 36 ಡಿಗ್ರಿ. ನೆರಳಿನಲ್ಲಿರುವ ನೆಲದಡಿಯ ಗಾಳಿ 30 ಡಿಗ್ರಿ ಇದ್ದರೆ ಅಲ್ಲಿಯ ಅಂತರ 6 ಡಿಗ್ರಿ ಮಾತ್ರ. ಒಂದೇ ವಿಸ್ತೀರ್ಣ, ಒಂದೇ ಬಗೆಯ ರಚನೆ ಎಂದು ಭಾವಿಸಿದರೆ ಮಾಡಿನಿಂದ ಬರುವ ಬಿಸಿ ನೆಲದಿಂದ ಬರುವುದರ ಆರು ಪಟ್ಟು. ಆದುದರಿಂದ ವೆಚ್ಚದ ಮೊದಲ ಪಾಲು ಮಾಡಿಗೆ ಸಲ್ಲಬೇಕು.

ಕೇಂದ್ರ ಸರ್ಕಾರವು 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ‘ಇಕೋ ನಿವಾಸ ಸಂಹಿತೆ’ಯೂ ಇದೇ ದಿಕ್ಕಿನಲ್ಲಿದೆ. ಮಾಡಿನ ಉಷ್ಣವಹನದ ಪ್ರಮಾಣವು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ 1.2 ವಾಟ್ ಮೀರಬಾರದೆಂದು ಅದು ನಿಗದಿಪಡಿಸಿದೆ. ಗೋಡೆಗಳಿಗೂ ಕಿಟಕಿಗಳಿಗೂ ಮಿತಿಗಳಿವೆ. ನೆಲಕ್ಕೆ ಅಂತಹ ಪ್ರತ್ಯೇಕ ಮಿತಿ ಇಲ್ಲ. ನಿರೋಧಕವಿಲ್ಲದ 150 ಮಿ.ಮೀ. ಕಾಂಕ್ರೀಟ್ ಚಾವಣಿಯ ಪ್ರಮಾಣ ಸುಮಾರು 3 ವಾಟ್. ಅದರ ಮೇಲೆ 25 ಮಿ.ಮೀ. ಪಾಲಿಸ್ಟೈರೀನ್ ಹಲಗೆ ಹಾಸಿ ಜಲನಿರೋಧಕ ಪದರ ಮಾಡಿದರೆ ಅದು ಸುಮಾರು 1 ವಾಟ್‌ಗೆ ಇಳಿಯುತ್ತದೆ.

ಹಂಚಿನ ಮಾಡಿನ ಕಟ್ಟಡಗಳಿಗೆ ಬೇರೆ ಮಾರ್ಗವಿದೆ. ಬಾಸೆಲ್ ಮಿಷನ್ ಸಂಸ್ಥೆಯು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯುದ್ದಕ್ಕೂ ಹಬ್ಬಿದ ಈ ಮಾಡಿನಲ್ಲಿ, ಹಂಚುಗಳ ಸಂದಿಯಿಂದ ಬಿಸಿಗಾಳಿ ಹೊರಹೋಗುತ್ತದೆ. ಅಡಿಯ ಮರದ ಮುಚ್ಚಿಗೆ ಮತ್ತು ಅಟ್ಟ ಬಿಸಿಯನ್ನು ತಡೆಯುತ್ತವೆ. ಮುಚ್ಚಿಗೆ ತೆಗೆದು ಕೇವಲ ತಗಡು ಹೊದಿಸಿದ ಕಟ್ಟಡಗಳಲ್ಲಿ ಸೆಕೆ ಹೆಚ್ಚಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನೆಲದಡಿಯ ನಿಜವಾದ ಶತ್ರು

ಹಾಗಾದರೆ ನೆಲದಡಿಯ ಜಾಗವನ್ನು ಹಾಗೆಯೇ ಬಿಡಬಹುದೇ? ಬಿಡುವಂತಿಲ್ಲ. ಅಲ್ಲಿಯ ಸಮಸ್ಯೆ ಬಿಸಿಯದಲ್ಲ, ತೇವದ್ದು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಪ್ರದೇಶದಲ್ಲಿ ನೆಲದಡಿಯ ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಆ ತೇವ ಆವಿಯಾಗಿ ಮೇಲೇರಿ ಮರದ ತೊಲೆಗಳಿಗೆ, ಹಲಗೆಗಳಿಗೆ, ಮೇಲೆ ಒಟ್ಟಿದ ಗೋಣಿಚೀಲಗಳಿಗೆ ತಗಲುತ್ತದೆ. ಮರದ ತೇವಾಂಶ ಶೇ. 20 ಮೀರಿ ಬಹುಕಾಲ ನಿಂತರೆ ಕೊಳೆಯುವ ಅಪಾಯ ಹೆಚ್ಚುತ್ತದೆ. ಅಕ್ಕಿಯಂತಹ ಧಾನ್ಯದ ತೇವಾಂಶ ಶೇ. 14ರ ಮೇಲೇರಿದರೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚುತ್ತದೆ.

ಎರಡನೆಯ ಸಮಸ್ಯೆ ಹವಾನಿಯಂತ್ರಣದಿಂದ ಹುಟ್ಟಿದ್ದು. 30 ಡಿಗ್ರಿ ಉಷ್ಣಾಂಶ ಹಾಗೂ ಶೇ. 85 ಆರ್ದ್ರತೆಯಿರುವ ಮಳೆಗಾಲದ ಗಾಳಿಯು ಸುಮಾರು 27 ಡಿಗ್ರಿಗಿಂತ ತಣ್ಣಗಿನ ಮೇಲ್ಮೈಯನ್ನು ತಾಗಿದೊಡನೆ ನೀರಾಗುತ್ತದೆ. 2020ರ ಜನವರಿಯಿಂದ ತಾರಾಂಕಿತ ಹವಾನಿಯಂತ್ರಣ ಯಂತ್ರಗಳು 24 ಡಿಗ್ರಿಯ ಪೂರ್ವನಿಗದಿಯೊಂದಿಗೆ ಬರುತ್ತಿವೆ. ಅಷ್ಟು ತಂಪಾದ ಕೊಠಡಿಯ ತೆಳುವಾದ ನೆಲದ ಅಡಿಭಾಗವು, ಐಸು ತುಂಬಿದ ಉಕ್ಕಿನ ಲೋಟದ ಹೊರಮೈಯಂತೆ, ಬೆವರಲು ತೊಡಗುತ್ತದೆ. ಮೇಲಿನಿಂದ ಏನೂ ಕಾಣದಿದ್ದರೂ ಅಡಿಯಲ್ಲಿ ಪ್ಲೈವುಡ್ ಪದರ ಬಿಡುತ್ತದೆ, ಮೊಳೆಗಳು ತುಕ್ಕು ಹಿಡಿಯುತ್ತವೆ.

ಗಾಳಿ ಬಿಟ್ಟರೆ ತೇವ ಆರುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕಂಬಗಳ ಮೇಲೆ ನಿಂತು ನಾಲ್ಕೂ ಕಡೆ ತೆರೆದಿರುವ ಕಟ್ಟಡಕ್ಕೆ ಅದು ಸರಿ. ಆದರೆ ಸುತ್ತಲೂ ಗೋಡೆ ಕಟ್ಟಿ ಒಂದೆರಡು ಕಿಂಡಿ ಬಿಟ್ಟಿರುವ ನೆಲದಡಿಗೆ ಹೊರಗಿನ ಒದ್ದೆ ಗಾಳಿ ಬಂದು, ತಣ್ಣಗಿನ ಭಾಗಗಳ ಮೇಲೆ ನೀರಾಗಿ ಕೂರುತ್ತದೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪ್ರಿನ್ಸ್‌ವಿಲ್ ಎಂಬಲ್ಲಿ 2000ರ ದಶಕದ ಮೊದಲ ವರ್ಷಗಳಲ್ಲಿ 12 ಮನೆಗಳನ್ನು ಹೋಲಿಸಿ ನಡೆಸಿದ ಅಧ್ಯಯನದಲ್ಲಿ, ಕಿಂಡಿಗಳಿದ್ದ ನೆಲದಡಿಗಿಂತ, ಮಣ್ಣಿಗೆ ಹಾಳೆ ಹೊದಿಸಿ ಕಿಂಡಿ ಮುಚ್ಚಿ ಒಣಗಿಸುವ ವ್ಯವಸ್ಥೆ ಮಾಡಿದ ನೆಲದಡಿಯೇ ಒಣಗಿರುವುದು ಕಂಡುಬಂದಿತು.

ಕೈಗೊಳ್ಳಬೇಕಾದ ಕ್ರಮಗಳು

ಮೊದಲನೆಯದಾಗಿ, ಮಳೆನೀರು ಪಂಚಾಂಗದಿಂದ ದೂರ ಹರಿಯುವಂತೆ ಅಂಗಳದ ಇಳಿಜಾರು, ಹರಣಿ ಹಾಗೂ ಚರಂಡಿಗಳನ್ನು ಸರಿಪಡಿಸಬೇಕು. ಇದಾಗದೆ ಉಳಿದ ಯಾವ ಕ್ರಮವೂ ಫಲಿಸದು.

ಎರಡನೆಯದಾಗಿ, ನೆಲದಡಿಯ ಮಣ್ಣಿನ ಮೇಲೆ ಕನಿಷ್ಠ 250 ಮೈಕ್ರಾನ್, ಅಂದರೆ 1,000 ಗೇಜಿನ ಪಾಲಿಥೀನ್ ಹಾಳೆಯನ್ನು ಹಾಸಬೇಕು. ಹಾಳೆಗಳು ಒಂದರ ಮೇಲೊಂದು ಒಂದಡಿಯಷ್ಟು ಕೂಡಿ, ಅಂಚುಗಳು ಗೋಡೆಯ ಮೇಲೆ ಏರಿರಬೇಕು. ಗೋದಾಮಿನ ನೆಲ ಮಾಡುವಾಗ ಕಾಂಕ್ರೀಟಿನ ಅಡಿಯಲ್ಲಿ ಇದೇ ಹಾಳೆಯನ್ನು ಹಾಕುವುದು ಅಗ್ಗದ ವಿಮೆಯಿದ್ದಂತೆ. ಚೀಲಗಳನ್ನು ಮರದ ಅಟ್ಟಣೆಯ ಮೇಲೆ, ಗೋಡೆಯಿಂದ ದೂರದಲ್ಲಿ ಒಟ್ಟುವ ಹಳೆಯ ಕ್ರಮವನ್ನು ಬಿಡಬಾರದು.

ಮೂರನೆಯದಾಗಿ, ಮೇಲಿನ ಕೊಠಡಿ ಹವಾನಿಯಂತ್ರಿತವಾಗಿದ್ದರೆ ಮಾತ್ರ ನೆಲದ ಅಡಿಮೈಗೆ ಉಷ್ಣನಿರೋಧಕ ಹಾಕಬೇಕು. ಆಗ ಆವಿತಡೆ ಯಾವ ಮಗ್ಗುಲಿಗೆ ಇರಬೇಕೆಂಬುದು ಮುಖ್ಯ. ಆವಿತಡೆ ಎಂದಿಗೂ ಬಿಸಿಯ ಮಗ್ಗುಲಿಗೆ ಇರತಕ್ಕದ್ದು. ಶೀತದೇಶಗಳಲ್ಲಿ ಅದು ಕೊಠಡಿಯ ಕಡೆ. ಇಲ್ಲಿ ಹೊರಗೆ, ಅಂದರೆ ಕೆಳಗಡೆ. ವಿದೇಶೀ ಕೈಪಿಡಿಯ ಚಿತ್ರ ನೋಡಿ ಹಾಕಿದರೆ ನೀರು ನಿರೋಧಕದ ಒಳಗೇ ಕೂಡುತ್ತದೆ. ಮೀನಿನ ಶೈತ್ಯಾಗಾರಗಳಲ್ಲಿ ಈ ನಿಯಮ ಕಟ್ಟುನಿಟ್ಟಾಗಿ ಪಾಲನೆಯಾಗುತ್ತದೆ: ಮೈನಸ್ 18 ಡಿಗ್ರಿಯ ಕೋಣೆಯ ನೆಲದಲ್ಲಿ ಆವಿತಡೆಯು ನಿರೋಧಕದ ಕೆಳಗಿರುತ್ತದೆ. ಅದರ ಅಡಿಯ ಮಣ್ಣು ಹೆಪ್ಪುಗಟ್ಟಿ ಉಬ್ಬಿ ನೆಲವನ್ನು ಸೀಳದಂತೆ ಗಾಳಿ ಕೊಳವೆ ಅಥವಾ ತಾಪನ ತಂತಿಯನ್ನೂ ಇಡಲಾಗುತ್ತದೆ.

ನಾಲ್ಕನೆಯದಾಗಿ, ನೆಲದಡಿಗೆ ನೀರು ಹೀರುವ ನಾರಿನ ನಿರೋಧಕ ಸಲ್ಲದು. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಂತಹ ಸಂದರ್ಭದಲ್ಲಿ ಗಾಜುನಾರು ಒದ್ದೆಯಾಗಿ ನಿರುಪಯುಕ್ತವಾಗುತ್ತದೆ. ಮುಚ್ಚಿದ ಗುಳ್ಳೆಗಳ ಗಟ್ಟಿ ಹಲಗೆಯೇ ಯೋಗ್ಯ. ಆದರೆ ಗೆದ್ದಲು ಹಲಗೆಯೊಳಗೆ ಕಾಣದಂತೆ ಸುರಂಗ ಕೊರೆಯಬಲ್ಲದು. ಆದುದರಿಂದ ಗೋಡೆಯ ಮೇಲ್ಭಾಗದಲ್ಲಿ ಮೂರು ಅಂಗುಲ ಪಟ್ಟಿಯನ್ನು ತೆರೆದಿಟ್ಟು ಕಾಲಕಾಲಕ್ಕೆ ಪರೀಕ್ಷಿಸಬೇಕು.

ಮಾರಾಟಗಾರರ ಹೊಣೆ

ಈ ವಸ್ತುಗಳ ವ್ಯಾಪಾರಕ್ಕೆ ಇಳಿಯುವವರು ಆಸ್ಟ್ರೇಲಿಯದ ಅನುಭವವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಅಲ್ಲಿಯ ಸರ್ಕಾರ 2009ರಲ್ಲಿ ಮನೆಗಳ ಚಾವಣಿಗೆ ನಿರೋಧಕ ಹಾಕಿಸಲು ಸಹಾಯಧನ ನೀಡಿದಾಗ ತರಬೇತಿಯಿಲ್ಲದವರು ಅವಸರದಲ್ಲಿ ಕೆಲಸಕ್ಕಿಳಿದರು. ನಾಲ್ವರು ಯುವ ಕಾರ್ಮಿಕರು ಮೃತಪಟ್ಟರು. ಮೂವರು ವಿದ್ಯುದಾಘಾತದಿಂದ, ಒಬ್ಬರು ಚಾವಣಿಯಡಿಯ ವಿಪರೀತ ಸೆಕೆಯಿಂದ. 2010ರ ಫೆಬ್ರವರಿಯಲ್ಲಿ ಯೋಜನೆಯೇ ನಿಂತುಹೋಯಿತು. ಯೋಜನೆಯನ್ನು ನಂಬಿ ಬಂಡವಾಳ ಹೂಡಿ ದಾಸ್ತಾನು ಮಾಡಿದ್ದ ಸಂಸ್ಥೆಗಳು, ಉತ್ತಮ ಕೆಲಸ ಮಾಡುತ್ತಿದ್ದವುಗಳೂ ಸೇರಿ, ನಷ್ಟಕ್ಕೆ ಗುರಿಯಾದವು. ನೆಲದಡಿಯಾಗಲಿ ಅಟ್ಟವಾಗಲಿ, ಕೆಲಸ ಆರಂಭಿಸುವ ಮೊದಲು ವಿದ್ಯುತ್ ಸಂಪರ್ಕ ಕಡಿತಗೊಳಿಸುವುದು ಅನಿವಾರ್ಯ ನಿಯಮವಾಗಬೇಕು.

ಗ್ರಾಹಕನು ನೆಲದಡಿಗೆ ಹಲಗೆ ಕೇಳಿಕೊಂಡು ಅಂಗಡಿಗೆ ಬಂದಾಗ, ಕೊಠಡಿ ಹವಾನಿಯಂತ್ರಿತವೇ, ಮಾಡು ಯಾವುದು, ಮಳೆನೀರು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ವರ್ತಕನು ಅಂದಿನ ಮಟ್ಟಿಗೆ ಹಲಗೆಯ ಬದಲು ಒಂದು ಸುರುಳಿ ಪಾಲಿಥೀನ್ ಮಾತ್ರ ಮಾರಬೇಕಾಗಿ ಬರಬಹುದು. ಆದರೆ ಮಳೆಗಾಲ ಕಳೆದ ಮೇಲೆ ಒಣಗಿದ ನೆಲವನ್ನು ಕಂಡ ಆ ಗ್ರಾಹಕನು ಮಾಡಿನ ಕೆಲಸಕ್ಕೂ ಅದೇ ಅಂಗಡಿಗೆ ಬರುತ್ತಾನೆ. ನಿರೋಧಕ ಹಲಗೆ, ಹಾಳೆ ಹಾಗೂ ಮುಚ್ಚಿಗೆ ಸಾಮಗ್ರಿ ತಯಾರಿಸುವ ಸಣ್ಣ ಕೈಗಾರಿಕೋದ್ಯಮಿಗಳು ತಮ್ಮ ಸರಕಿನೊಂದಿಗೆ, ಆವಿತಡೆ ಯಾವ ಮಗ್ಗುಲಿಗೆ ಬರಬೇಕೆಂಬ ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸಿ ಕೊಟ್ಟರೆ ಕರಾವಳಿಯ ಗ್ರಾಹಕರಿಗೆ ಮಹದುಪಕಾರವಾಗುವುದು.