ರಜೆಯ ಒಂದು ದಿನ: ಒಬ್ಬರೇ ಕಂಡ ಪುಣೆ

ಹೋದ ತಿಂಗಳು ಊರಿನಿಂದ ಅಕ್ಕನ ಮಗನು ದೂರವಾಣಿಯಲ್ಲಿ, "ಮಾವ, ಪುಣೆಯಲ್ಲಿ ನೋಡುವಂಥದ್ದು ಏನೇನಿದೆ?" ಎಂದು ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ. ಈ ನಗರದ ಅನ್ನವನ್ನು ಹನ್ನೊಂದು ವರ್ಷ ಉಂಡಿದ್ದೇವೆ. ಆದರೆ ಕೋಣೆಗೂ ಕಚೇರಿಗೂ ನಡುವಣ ದಾರಿಯನ್ನುಳಿದು ಕಂಡದ್ದು ಅತ್ಯಲ್ಪ. ನಮ್ಮ ಓದುಗರಲ್ಲಿ ಬಹುಮಂದಿಯ ಪಾಡೂ ಇದೇ ಆಗಿರಬೇಕು. ನಾಚಿಕೆಗೊಂಡು, ಒಂದು ಬುಧವಾರ ರಜೆ ಪಡೆದು, ಜತೆಗಾರರಿಲ್ಲದೆ ಒಬ್ಬರೇ ಹೊರಟೆವು.

ಬೆಳಗ್ಗೆ ಮೊದಲು ಸೇರಿದ್ದು ಜಂಗಲೀ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ. ವಾಹನಗಳ ಗದ್ದಲದ ಪಕ್ಕದಲ್ಲಿಯೇ, ನೆಲದ ಮಟ್ಟಕ್ಕಿಂತ ಕೆಳಗೆ, ಕರಿಗಲ್ಲನ್ನು ಕೊರೆದು ಮಾಡಿದ ಗುಹಾಲಯವಿದು. ಮುಂದಿನ ದುಂಡನೆಯ ನಂದಿಮಂಟಪವೂ ಅದೇ ಬಂಡೆಯದು. ಎಂಟನೆಯ ಶತಮಾನದ, ರಾಷ್ಟ್ರಕೂಟರ ಕಾಲದ ಈ ಕೆಲಸ ಪೂರ್ಣಗೊಳ್ಳದೆ ನಿಂತಿದೆ. ರಾಷ್ಟ್ರಕೂಟರೆಂದರೆ ಮುಂದೆ ನಮ್ಮ ಕಲಬುರಗಿ ಸೀಮೆಯ ಮಾನ್ಯಖೇಟದಿಂದ ಆಳಿದವರೇ. ಅವರ ಒಂದನೆಯ ಕೃಷ್ಣನ ಕಾಲದ, ಕ್ರಿ.ಶ. 758 ಮತ್ತು 768ರ ತಾಮ್ರಶಾಸನಗಳಲ್ಲಿ ಈ ನಾಡಿನ ಹೆಸರು 'ಪುಣ್ಯ ವಿಷಯ', 'ಪುಣಕ ವಿಷಯ' ಎಂದು ಬಂದಿದೆ, 'ವಿಷಯ'ವೆಂದರೆ ಜಿಲ್ಲೆ. ಇದರಿಂದ ಊರು ನಮ್ಮದೆಂದು ಹೇಳಲು ಹಕ್ಕು ಬರುವುದಿಲ್ಲ. ಆದರೆ ಇಲ್ಲಿ ನಾವು ತೀರ ಪರಕೀಯರಲ್ಲವೆಂಬ ಸಮಾಧಾನವುಂಟಾಯಿತು.

ಅಲ್ಲಿಂದ ಮುಠಾ ನದಿಯನ್ನು ದಾಟಿ ಶನಿವಾರವಾಡೆಗೆ ಬಂದೆವು. ಒಂದನೆಯ ಬಾಜಿರಾಯನು 1730ರಲ್ಲಿ ತಳಹದಿ ಹಾಕಿಸಿದ ಅರಮನೆಯಿದು. 1773ರ ಆಗಸ್ಟ್ 30ರಂದು ಪೇಶ್ವೆ ನಾರಾಯಣರಾಯನ ಕೊಲೆ ನಡೆದುದು ಇಲ್ಲಿಯೇ. 1828ರ ಬೆಂಕಿಯಲ್ಲಿ ಒಳಗಿನ ಮಹಲುಗಳು ಸುಟ್ಟುಹೋದವು. ಆನೆಗಳನ್ನು ತಡೆಯಲು ಮೊಳೆ ಬಡಿದ ದಿಲ್ಲಿ ದರವಾಜೆ, ಕೋಟೆಗೋಡೆ, ಜಗಲಿಗಳು ಮಾತ್ರ ಉಳಿದಿವೆ.

ಮಧ್ಯಾಹ್ನ ಸಮೀಪದ ಉಡುಪಿ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತೆವು. ಬಡಿಸಿದ ಮಾಣಿ ನಮ್ಮ ಮಾತಿನ ಧಾಟಿಯನ್ನು ಗುರುತಿಸಿ, "ಊರು ಎಲ್ಲಾಯಿತು ಸಾರ್?" ಎಂದ. ಅವನು ಬೈಂದೂರಿನ ಕಡೆಯವನು. ಇಲ್ಲಿಗೆ ಬಂದು ಮೂರು ವರ್ಷವಾದರೂ ನಾಲ್ಕು ಹೆಜ್ಜೆಯ ಆಚೆಗಿರುವ ಕೇಳಕರ ವಸ್ತುಸಂಗ್ರಹಾಲಯವನ್ನು ಕಂಡಿಲ್ಲವಂತೆ. "ರಜೆ ಸಿಕ್ಕಿದರೆ ಬಟ್ಟೆ ಒಗೆದು ಮಲಗುವುದೇ ಆಯಿತು. ಅಲ್ಲದೆ ನಮ್ಮಂಥವರಿಗೆ ಅಲ್ಲಿಗೆ ಹೋದರೆ ಏನು ತಿಳಿಯುತ್ತದೆ?" ಎಂದ. ಈ ಮಾತು ನಮ್ಮನ್ನು ಹಿಂಬಾಲಿಸಿತು.

ಶುಕ್ರವಾರ ಪೇಟೆಯ ಆ ಕಟ್ಟಡದ ಹೆಸರು 'ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ'. ಯಾರೋ ರಾಜರ ಸಂಗ್ರಹವೆಂದೇ ನಾವು ಭಾವಿಸಿದ್ದೆವು. ಅದು ತಪ್ಪು. ದಿನಕರ ಗಂಗಾಧರ ಕೇಳಕರರು (1896–1990) ಕನ್ನಡಕದ ವ್ಯಾಪಾರದ ಮನೆತನದವರು, ಕವಿಗಳು. ಎಳವೆಯಲ್ಲಿಯೇ ತೀರಿಹೋದ ಅವರ ಏಕಮಾತ್ರ ಪುತ್ರನ ಹೆಸರು ರಾಜಾ. ಮಗನ ನೆನಪಿಗಾಗಿ ಅವರು ದೇಶವೆಲ್ಲ ಅಲೆದು ಸುಮಾರು 20,000 ವಸ್ತುಗಳನ್ನು ಕೂಡಿಸಿ, 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಪತ್ನಿ ಕಮಲಾಬಾಯಿಯವರು ಈ ಕೆಲಸದಲ್ಲಿ ಅವರ ಜತೆಗಿದ್ದರು.

ಒಳಗೆ ಏನಿದೆ? ಕಿರೀಟ ಸಿಂಹಾಸನಗಳಲ್ಲ. ದೀಪಗಳು, ಅಡಕೊತ್ತುಗಳು, ಮಸಿಕುಡಿಕೆಗಳು, ಕೆತ್ತನೆಯ ಬಾಗಿಲುಗಳು, ವಾದ್ಯಗಳು. ಎಲ್ಲಕ್ಕಿಂತ ಮಿಗಿಲಾಗಿ ಅಡಿಗೆಮನೆಯ ಹಿತ್ತಾಳೆ ತಾಮ್ರದ ಪಾತ್ರೆಗಳು. ಹೆಸರಿಲ್ಲದ ಕಂಚುಗಾರರು ಅಡಕೊತ್ತಿಗೂ ಅಂದದ ರೂಪ ಕೊಟ್ಟಿದ್ದಾರೆ. ಮಸಿಕುಡಿಕೆಗಳ ಮುಂದೆ ಗುಮಾಸ್ತರಾದ ನಾವು ಬಹಳ ಹೊತ್ತು ನಿಂತೆವು. ಪಾತ್ರೆಗಳ ಮುಂದೆ ಆ ಮಾಣಿ ನಿಂತಿದ್ದರೆ ನಮಗಿಂತ ಹೆಚ್ಚು ತಿಳಿಯುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ಯಾವುದರ ತಳ ಬೇಗ ಸೀಯುವುದು, ಯಾವುದರ ಕಂಠ ಕೈಗೆ ಒಗ್ಗುವುದು ಎಂದು ಹೇಳಬಲ್ಲವನು ಅವನೇ.

ಮಂಡಈ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ನಡುವೆ ಗಾಡಿ ಬದಲಿಸಿ, ಕಲ್ಯಾಣಿ ನಗರದಲ್ಲಿ ಇಳಿದು ಆಗಾ ಖಾನ್ ಅರಮನೆಗೆ ಹೋದೆವು. 1942ರ ಆಗಸ್ಟಿನಲ್ಲಿ ಗಾಂಧೀಜಿಯವರನ್ನು ಸೆರೆಯಿಟ್ಟದ್ದು ಇಲ್ಲಿ. ಆರೇ ದಿನಗಳಲ್ಲಿ, ಆಗಸ್ಟ್ 15ರಂದು, ಮಹಾದೇವ ದೇಸಾಯಿಯವರು ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ. ಇಬ್ಬರ ಸಮಾಧಿಗಳೂ ಆವರಣದಲ್ಲಿವೆ. ಸಂಜೆಯ ಬಿಸಿಲಿನಲ್ಲಿ ಅಲ್ಲಿ ಮಾತನಾಡುವ ಮನಸ್ಸಾಗುವುದಿಲ್ಲ. ಒಬ್ಬರೇ ಬಂದುದು ಒಳ್ಳೆಯದಾಯಿತೆನಿಸಿತು.

ಹಿಂದಿರುಗುವಾಗ ಬೇಕೆಂದೇ ಅದೇ ಹೋಟೆಲಿಗೆ ಹೋಗಿ ಕಾಫಿ ಕುಡಿದು, ಮಾಣಿಗೆ ಪಾತ್ರೆಗಳ ವಿಚಾರ ಹೇಳಿದೆವು. "ಹಂಡೆಯೂ ಇದೆಯಾ ಸಾರ್?" ಎಂದು ಕೇಳಿ ನಕ್ಕ. "ನೀನೇ ಹೋಗಿ ನೋಡಿ ಹೇಳು" ಎಂದೆವು. ಸೋಮವಾರ ಅವನಿಗೆ ರಜೆಯಂತೆ.

ರಾತ್ರಿ ಊರಿಗೆ ಮಾತನಾಡಿದೆವು. ಅಕ್ಕನ ಮಗ ಎಲ್ಲವನ್ನೂ ಕೇಳಿ, ಕೊನೆಗೆ, "ಆ ರಾಜಾ ಎಷ್ಟನೇ ಕ್ಲಾಸಿನಲ್ಲಿದ್ದ ಮಾವ?" ಎಂದ. "ನಿನಗಿಂತ ಚಿಕ್ಕವನಿರಬೇಕು" ಎಂದೆವು. ಬೇಸಿಗೆಯ ರಜೆಯಲ್ಲಿ ಅವನು ಇಲ್ಲಿಗೆ ಬರುವನು. ಈಗ ಅವನಿಗೆ ದಾರಿ ತೋರಿಸಬಲ್ಲೆವು.