ತೆಳುತಳದ ಓಟದ ಜೋಡು

ನಮ್ಮ ಸೊಕ್ಕೆಯಲ್ಲಿ ಬೆಳಗಿನ ಜಾವ ರಸ್ತೆಯ ಮೇಲೆ ಓಡುವ ತರುಣನನ್ನು ಕಂಡರೆ, ಪೊಲೀಸ್ ನೇಮಕಕ್ಕೆ ಸಿದ್ಧನಾಗುತ್ತಿರುವನೆಂದು ಬಗೆಯಬಹುದು. ಈಚಿನ ನೇಮಕಗಳಲ್ಲಿ ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಯನ್ನು ಬಯಸುವ ಪುರುಷರು 1600 ಮೀಟರು ದೂರವನ್ನು ಆರೂವರೆ ನಿಮಿಷಗಳೊಳಗೆ ಓಡಬೇಕು. ಎರಡು ಸೆಕೆಂಡು ತಡವಾದರೂ ಒಂದು ಮನೆಯ ಅನ್ನದ ದಾರಿ ಮುಚ್ಚಿಹೋಗುವುದು. ಆದುದರಿಂದ ನಮ್ಮ ಮನೆಯ ಹುಡುಗನು ತೆಳ್ಳನೆಯ ತಳದ ಹೊಸ ಜೋಡನ್ನು ತರಿಸಿದಾಗ, ನಾವು ಅದನ್ನು ಪರೀಕ್ಷಿಸದೆ ಬಿಡಲಿಲ್ಲ.

ಮೊದಲು ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ಒಂದು ಕಾಲಿನದು 160 ಗ್ರಾಮು. ಅವನ ಹಳೆಯದು 290. ಒಂದೊಂದು ಕಾಲಿಗೆ 100 ಗ್ರಾಮು ಹೆಚ್ಚಿದರೆ ಓಟದ ಶ್ರಮವು ಸುಮಾರು ನೂರಕ್ಕೆ ಒಂದು ಪಾಲು ಹೆಚ್ಚುವುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. 390 ಸೆಕೆಂಡುಗಳ ಓಟದಲ್ಲಿ ಇದು ಕೆಲವು ಸೆಕೆಂಡುಗಳ ಮಾತು.

ತಳವು ಗಟ್ಟಿಯಾಗಿಯೂ ಚಪ್ಪಟೆಯಾಗಿಯೂ ಇದೆ, ಹಿಮ್ಮಡಿಗೆ ಮೆತ್ತೆಯಿಲ್ಲ. ಹಿಮ್ಮಡಿಯನ್ನು ಮೊದಲು ಊರಿದವನಿಗೆ ನೆಲವೇ ಬುದ್ಧಿ ಹೇಳುವುದರಿಂದ, ಕಾಲು ಮುಂಗಾಲಿನ ಮೇಲೆ ಇಳಿಯಲು ಕಲಿಯುತ್ತದೆ. ಬರಿಗಾಲಿನಲ್ಲಿ ಓಡಿ ಅಭ್ಯಾಸವುಳ್ಳವರು ಬಹುಮಟ್ಟಿಗೆ ಹೀಗೆಯೇ ಇಳಿಯುವರೆಂದೂ, ಆಗ ನೆಲದ ಹೊಡೆತವು ಕಡಿಮೆಯೆಂದೂ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಅವರು 2010ರಲ್ಲಿ ಪ್ರಕಟಿಸಿದರು. ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ ಕಥೆಯನ್ನು ಹುಡುಗನು ನಮಗೆ ಅನೇಕ ಸಲ ಕೇಳಿಸಿದನು. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಜೋಡು ತೊಟ್ಟು ಗೆದ್ದುದನ್ನು ಮಾತ್ರ ಹೇಳಲಿಲ್ಲ!

ಮೂರನೆಯ ದಿನವೇ ಅವನ ಮೀನಖಂಡಗಳು ಬಿಗಿದು, ಹಟ್ಟಿಯ ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯುವಂತಾಯಿತು. ಇದನ್ನು ಲಘುವಾಗಿ ಎಣಿಸಲಾಗದು. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹತ್ತು ವಾರಗಳಲ್ಲಿ ಇಂತಹ ಜೋಡಿಗೆ ಬದಲಾಯಿಸಿಕೊಂಡ 19 ಓಟಗಾರರಲ್ಲಿ 10 ಮಂದಿಯ ಪಾದದ ಎಲುಬುಗಳೊಳಗೆ ಬಾವು ಕಂಡುಬಂದಿತು. ಅವರೆಲ್ಲ ಓಟಕ್ಕೆ ಹೊಸಬರಲ್ಲ.

ನಮ್ಮ ಸೀಮೆಯ ಇನ್ನೊಂದು ತೊಡಕನ್ನು ಆ ಪಂಡಿತರು ಅರಿಯರು. ಅದು ಜಾಲಿಯ ಮುಳ್ಳು. ಹೊಲದ ಬದುವಿನ ಹಾದಿಯಲ್ಲಿ ಒಂದು ಮುಳ್ಳು ತಳವನ್ನು ತೂರಿ ಹೆಬ್ಬೆರಳ ಬುಡಕ್ಕೆ ನಾಟಿತು. ಹಿಂದಿನವರು ಹೊಲಕ್ಕೆ ಮೆಟ್ಟುತ್ತಿದ್ದ ಮಣಭಾರದ ಎಕ್ಕಡದ ಗುಣವು ನಮಗೆ ಆಗ ತಿಳಿಯಿತು.

ಜೋಡು ಒಳ್ಳೆಯದೇ ಎಂದು ನಮ್ಮ ಅಭಿಪ್ರಾಯ. ನಿತ್ಯದ ಓಟಕ್ಕೆ ಮಾತ್ರ ಅಲ್ಲ. ಈಗ ಹುಡುಗನು ಹಳೆಯದನ್ನೇ ತೊಟ್ಟು ಓಡುತ್ತಾನೆ. ವಾರಕ್ಕೆರಡು ದಿನ, ಗುಡಿಸಿದ ಮೈದಾನದಲ್ಲಿ, ಹೊಸದರಲ್ಲಿ ಕಾಲುಗಂಟೆ ಓಡುವುದುಂಟು. ಪರೀಕ್ಷೆಗೆ ಒಂದೇ ತಿಂಗಳು ಉಳಿದವರು ಇದನ್ನು ಕೊಳ್ಳದಿರುವುದು ಲೇಸು. ಅವನಿಗೆ ಇನ್ನೂ ಐದು ತಿಂಗಳ ಅವಧಿಯಿದೆ.