ಹಳೆ ಊರಿನ ದೊಡ್ಡ ಮನೆ ಕೊಳ್ಳುವ ಮುನ್ನ

ಬೀದರಿನ ಹಳೆ ಊರಿನಲ್ಲಿ ಚೌಬಾರದಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ್ ಗವಾನ್ ಮದರಸಾ ಸಿಗುತ್ತದೆ. ಸುತ್ತಲಿನ ಗಲ್ಲಿಗಳಲ್ಲಿ ಈಗಲೂ ಹಳೆಯ ಮನೆಗಳಿವೆ. ಎತ್ತರದ ಬಾಗಿಲು, ದಪ್ಪ ಗೋಡೆ, ಒಳಗೆ ಅಂಗಳ. ಕೆಲವಕ್ಕೆ ಬೀಗ ಬಿದ್ದಿದೆ. ಹೊಸ ಬಡಾವಣೆಗೆ ಹೋಲಿಸಿದರೆ ಇಂಥ ಮನೆ ಅಗ್ಗಕ್ಕೆ ಸಿಗುತ್ತದೆ ಎಂಬ ಮಾತು ಕೇಳಿಬರುತ್ತದೆ. ಏಕೆ ಅಗ್ಗ ಎಂದು ಕೇಳುವುದು ವಾಣಿಜ್ಯ ವಿದ್ಯಾರ್ಥಿಗಳಾದ ನಮ್ಮ ಕೆಲಸ. ಬಹಳ ಸಲ ಉತ್ತರ ಇಷ್ಟೇ: ಗೋಡೆ ಹಳೆಯದಾಗಿದೆ ಎಂದಲ್ಲ, ಮನೆಗೆ ಒಡೆಯರು ಹೆಚ್ಚಾಗಿದ್ದಾರೆ ಎಂದು.

ಮಾರುವವರು ಯಾರು?

ಒಬ್ಬರು ತೀರಿಕೊಂಡರು ಎಂದುಕೊಳ್ಳೋಣ. ಅವರಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಸಾಲ ತೀರಿಸಿ, ವಸಿಯ್ಯತ್ ಇದ್ದರೆ ಅದನ್ನೂ ಪೂರೈಸಿದ ಮೇಲೆ ಉಳಿದ ಆಸ್ತಿಯಲ್ಲಿ ಹೆಂಡತಿಗೆ ಎಂಟರಲ್ಲೊಂದು ಪಾಲು. ಮಿಕ್ಕಿದ್ದರಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಮನೆಯನ್ನು 40 ಭಾಗ ಮಾಡಿದರೆ ಹೆಂಡತಿಗೆ 5, ಮಗಳಿಗೆ 7, ಗಂಡುಮಕ್ಕಳಿಗೆ ತಲಾ 14.

ಮನೆಯ ಬೆಲೆ 80 ಲಕ್ಷ ರೂಪಾಯಿ ಎಂದಿಟ್ಟರೆ ಮಗಳ ಪಾಲು 14 ಲಕ್ಷ. ಮಾರುವಾಗ ಅಣ್ಣತಮ್ಮಂದಿರು, "ಆಪಾ ಏನೂ ಬೇಡ ಅಂದಿದ್ದಾರೆ" ಎನ್ನಬಹುದು. ಆ ಬಾಯಿಮಾತು ಕೊಳ್ಳುವವರನ್ನು ಕಾಪಾಡುವುದಿಲ್ಲ. ಆಪಾ ಸ್ವತಃ ಬಂದು ಕ್ರಯಪತ್ರಕ್ಕೆ ಸಹಿ ಮಾಡಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ಅಣ್ಣತಮ್ಮಂದಿರು ತಮ್ಮ 28 ಭಾಗವನ್ನು ಮಾರಬಹುದು, ತಂಗಿಯ 7 ಭಾಗವನ್ನು ಮಾರಲಾರರು. ಖಾತೆ ಹಿರಿಯಣ್ಣನ ಹೆಸರಿನಲ್ಲಿದ್ದರೂ ಅಷ್ಟೇ. ಖಾತೆ ಇರುವುದು ತೆರಿಗೆ ಕಟ್ಟಲಿಕ್ಕೆ, ಅದೊಂದೇ ಒಡೆತನದ ಪುರಾವೆ ಆಗುವುದಿಲ್ಲ.

ಎರಡು ತಲೆಮಾರು ಹಂಚಿಕೆ ಆಗದೆ ಹೋದರೆ ಇಪ್ಪತ್ತು ಸಹಿ ಬೇಕಾಗಬಹುದು. ಒಬ್ಬರು ಜಿದ್ದಾದಲ್ಲಿ, ಇನ್ನೊಬ್ಬರು ದುಬೈನಲ್ಲಿ. ಅವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಮುಖ್ತಾರ್‌ನಾಮೆ ಕಳಿಸಬಹುದು, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ವಾರಸುದಾರರಲ್ಲಿ 18 ತುಂಬದವರಿದ್ದರೆ, ಅಂದರೆ ನಮ್ಮ ವಯಸ್ಸಿನವರಿದ್ದರೆ, ಅವರ ಸಹಿ ನಡೆಯುವುದಿಲ್ಲ. ತಂದೆ ಇಲ್ಲದ ಮಕ್ಕಳ ಪಾಲನ್ನು ತಾಯಿಯೂ ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ.

ಇ.ಸಿ.ಯಲ್ಲಿ ಕಾಣದ್ದು

ಉಪನೋಂದಣಾಧಿಕಾರಿ ಕಚೇರಿಯ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿದರೆ ಎಲ್ಲ ಗೊತ್ತಾಯಿತು ಎಂದು ಹಲವರು ತಿಳಿಯುತ್ತಾರೆ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ವಾರಸುದಾರಿಕೆ ಅದರಲ್ಲಿ ಕಾಣುವುದಿಲ್ಲ. ಬಾಯಿಮಾತಿನ ಹಿಬಾ ಕೂಡ ಕಾಣುವುದಿಲ್ಲ. ಆದರೆ ಕೊಡುವವರ ಘೋಷಣೆ, ಪಡೆಯುವವರ ಒಪ್ಪಿಗೆ, ಸ್ವಾಧೀನ ಈ ಮೂರೂ ಆಗಿದ್ದರೆ ಅಂಥ ಹಿಬಾ ಕಾನೂನಿನಲ್ಲಿ ನಿಲ್ಲುತ್ತದೆ. ಮನೆ ವಕ್ಫ್ ಪಟ್ಟಿಯಲ್ಲಿದೆಯೇ ಎಂಬುದನ್ನೂ ಬೇರೆಯಾಗಿ ನೋಡಬೇಕು, ವಕ್ಫ್ ಆಸ್ತಿಯನ್ನು ಮಾರುವಂತಿಲ್ಲ.

ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಆಡಳಿತ ಭಾಷೆ ಉರ್ದು. ಹಾಗಾಗಿ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಉರ್ದು ಬೈನಾಮೆಗಳು ಸಿಗುತ್ತವೆ. ಅವುಗಳಲ್ಲಿ ಇಸವಿಯ ಬದಲು ಫಸಲಿ ವರ್ಷ ಬರೆದಿರಬಹುದು. ಅದಕ್ಕೆ 590 ಸೇರಿಸಿದರೆ ಹೆಚ್ಚುಕಡಿಮೆ ಇಸವಿ ಬರುತ್ತದೆ: ಫಸಲಿ 1350 ಎಂದರೆ 1940-41. ಮನೆಯಲ್ಲಿ ಉರ್ದು ಮಾತಾಡುವ ನಮ್ಮಲ್ಲೇ ಅನೇಕರಿಗೆ ಆ ಶಿಕಸ್ತಾ ಕೈಬರಹ ಓದಲು ಬರುವುದಿಲ್ಲ. ಓದಬಲ್ಲ ಹಿರಿಯರ ಬಳಿ ಈಗಲೇ ಓದಿಸಿ ಇಡುವುದು ಒಳ್ಳೆಯದು.

ಒಂದು ಪಾಲು ಮಾತ್ರ ಕೊಂಡರೆ?

ಒಬ್ಬ ಅಣ್ಣ ತನ್ನ ಪಾಲನ್ನಷ್ಟೇ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನಬಹುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನ ಪ್ರಕಾರ, ಕುಟುಂಬ ವಾಸಿಸುವ ಅವಿಭಕ್ತ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ ಅವರೊಂದಿಗೆ ಒಳಗೆ ಇರುವ ಹಕ್ಕಿಲ್ಲ. ವಿಭಾಗಕ್ಕೆ ದಾವೆ ಹೂಡಬೇಕು. ಹೂಡಿದರೆ 1893ರ ಪಾರ್ಟಿಷನ್ ಕಾಯ್ದೆಯಂತೆ ಕುಟುಂಬದವರು ಆ ಪಾಲನ್ನು ತಾವೇ ಕೊಳ್ಳಲು ಕೇಳಬಹುದು. ಹೀಗೆ ಕೊಂಡವರ ಕೈಗೆ ಬರುವುದು ಮನೆಯಲ್ಲ, ಮೊಕದ್ದಮೆ.

ಸ್ಮಾರಕದ ಪಕ್ಕದ ಮನೆ

1472ರ ಮದರಸಾ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಇಂಥ ಸ್ಮಾರಕದ ಮಿತಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಹಳೆ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುವ ಯೋಚನೆ ಇದ್ದವರು ಮೊದಲು ಅಳತೆ ಪಟ್ಟಿ ಹಿಡಿಯಲಿ.

ಲೆಕ್ಕ ಬರೆದರೆ

ಕರ್ನಾಟಕದ ಪಟ್ಟಣದಲ್ಲಿ 80 ಲಕ್ಷದ ಮನೆಗೆ ಈಗಿನ ದರದಲ್ಲಿ:

ಮುದ್ರಾಂಕ ಶುಲ್ಕ ಶೇ. 5: ರೂ. 4,00,000
ಅದರ ಮೇಲೆ ಸೆಸ್ ಶೇ. 10: ರೂ. 40,000
ಸರ್ಚಾರ್ಜ್ ಶೇ. 2: ರೂ. 8,000
ನೋಂದಣಿ ಶುಲ್ಕ ಶೇ. 2: ರೂ. 1,60,000
ಒಟ್ಟು: ರೂ. 6,08,000

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ. 1 ಟಿಡಿಎಸ್ ಕಡಿದು ಸರ್ಕಾರಕ್ಕೆ ಕಟ್ಟಬೇಕು. ಇದು ಹೆಚ್ಚಿನ ಖರ್ಚಲ್ಲ, ಮಾರುವವರ ಹಣದಿಂದಲೇ ಹೋಗುತ್ತದೆ. ವಕೀಲರ ಶುಲ್ಕ, ವಾಸಕ್ಕೆ ಮುಂಚಿನ ದುರಸ್ತಿ ಎಲ್ಲವೂ ನಾವು ಓದುವ ಬಂಡವಾಳ ವೆಚ್ಚವೇ. ಪ್ರತಿವರ್ಷದ ಸುಣ್ಣ ಮಾತ್ರ ಕಂದಾಯ ವೆಚ್ಚ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಕೆಡುತ್ತದೆ, ಗಾರೆ ಕೆಲಸ ಬಲ್ಲವರ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೆಲ್ಲ ಇದ್ದರೂ ಹಳೆ ಮನೆ ಕೊಳ್ಳುವುದು ತಪ್ಪಲ್ಲ. ವಾಸಿಸುವವರಿದ್ದರೆ ಮನೆ ಉಳಿಯುತ್ತದೆ. ಆದರೆ ಮುಂಗಡ ಕೊಡುವ ಮೊದಲು ಒಂದು ಹಾಳೆಯಲ್ಲಿ ಆ ಮನೆಯ ವಂಶವೃಕ್ಷ ಬರೆಯಿರಿ, ಹೆಣ್ಣುಮಕ್ಕಳ ಹೆಸರು ಬಿಡದೆ. ಅದರಲ್ಲಿರುವ ಒಂದೊಂದು ಹೆಸರಿನ ಮುಂದೆಯೂ ಸಹಿ ಬೀಳುತ್ತದೆ ಎಂದು ಖಾತ್ರಿಯಾದ ಮೇಲೆ ಬೆಲೆಯ ಮಾತು ಆಡಬಹುದು.